ಫೈಬರ್ ಮೋಡೆಮ್: ಆಯ್ಕೆ ಗ್ರಾಹಕರಿಗಿರಲಿ

ಮಾನ್ಯ ಸಂಪಾದಕರೆ,

ಮನೆಯ ಇಂಟರ್‌ನೆಟ್ ಕಂಪನಿಯನ್ನು ಬದಲಿಸಿದಾಗಲೆಲ್ಲ ಹಳೆಯ ಮೋಡೆಮ್ ಮೂಲೆ ಸೇರುತ್ತದೆ; ಹೊಸದಕ್ಕೆ ಮತ್ತೆ ಠೇವಣಿಯನ್ನೋ ಬಾಡಿಗೆಯನ್ನೋ ಕಟ್ಟಬೇಕಾಗುತ್ತದೆ. ಎಲ್ಲ ಸಂಪರ್ಕಗಳಿಗೂ ಹೊಂದುವ ಒಂದೇ ಮೋಡೆಮ್ ಏಕಿಲ್ಲ ಎಂದು ಜನ ಕೇಳುವುದು ಸಹಜ.

ದೂರವಾಣಿಯ ತಾಮ್ರದ ತಂತಿಯಲ್ಲಿ ಎಡಿಎಸ್‌ಎಲ್ ಎಂಬ ಇಂಟರ್‌ನೆಟ್ ಸಂಕೇತ ವಿದ್ಯುತ್ತಿನ ರೂಪದಲ್ಲಿ ಬರುತ್ತದೆ, ಫೈಬರಿನಲ್ಲಿ ಬರುವುದು ಲೇಸರ್ ಬೆಳಕು, ಕೇಬಲ್ ಟಿ.ವಿ. ತಂತಿಯ ರೀತಿಯೇ ಬೇರೆ. ಇವೆಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿ ತುಂಬಿದರೆ ಬಳಸದ ಭಾಗಗಳಿಗೂ ಗ್ರಾಹಕನೇ ಹಣ ತೆರಬೇಕು. ಅಂಥ ಮೋಡೆಮ್ ಬೇಕೆಂದು ನಾನು ಕೇಳುತ್ತಿಲ್ಲ.

ಆದರೆ ಫೈಬರಿನ ಮಾತು ಬೇರೆ. ಇಲ್ಲಿ ಮುಖ್ಯವಾಗಿ ಜಿಪಾನ್, ಇಪಾನ್ ಎಂಬ ಎರಡು ಮಾನದಂಡಗಳಿವೆ. ಎರಡರಲ್ಲೂ ಮನೆಗೆ ಬರುವ ಬೆಳಕಿನ ತರಂಗಾಂತರ 1490 ನ್ಯಾನೊಮೀಟರ್, ಮನೆಯಿಂದ ಹೋಗುವುದು 1310. ಎರಡಕ್ಕೂ ಹೊಂದಿಕೊಳ್ಳುವ ಎಕ್ಸ್‌ಪಾನ್ ಮೋಡೆಮ್‌ಗಳು ಮಾರುಕಟ್ಟೆಯಲ್ಲಿಯೇ ದೊರೆಯುತ್ತವೆ. ಕನೆಕ್ಟರ್ ಮಾತ್ರ ನೋಡಿಕೊಳ್ಳಬೇಕು: ಹಸಿರು ಬಣ್ಣದ್ದರ ತುದಿಯನ್ನು 8 ಡಿಗ್ರಿ ಓರೆಯಾಗಿ ಉಜ್ಜಿರುತ್ತಾರೆ, ನೀಲಿಯದಕ್ಕೆ ಆ ಓರೆ ಇರುವುದಿಲ್ಲ, ಒಂದಕ್ಕೊಂದು ಸಿಕ್ಕಿಸಿದರೆ ಬೆಳಕು ನಷ್ಟವಾಗಿ ಸಂಪರ್ಕ ಕೈಕೊಡುತ್ತದೆ. ಸರಿಯಾದ ಪ್ಯಾಚ್ ಕಾರ್ಡ್ (ಎರಡೂ ತುದಿಗೆ ಕನೆಕ್ಟರ್ ಇರುವ ಫೈಬರಿನ ತುಂಡು) ಹಾಕಿದರೆ ಅದೂ ಬಗೆಹರಿಯುತ್ತದೆ.

ನಿಜವಾದ ತೊಡಕು ಇರುವುದು ನೋಂದಣಿಯಲ್ಲಿ. ಜಿಪಾನ್ ಜಾಲದಲ್ಲಿ ಕಂಪನಿಯ ಕೇಂದ್ರದಲ್ಲಿರುವ ಓಎಲ್‌ಟಿ ಎಂಬ ಉಪಕರಣ ನಮ್ಮ ಮೋಡೆಮನ್ನು ಅದರ ಸೀರಿಯಲ್ ನಂಬರಿನಿಂದ ಗುರುತಿಸುತ್ತದೆ. ತಾನು ಕೊಡದ ಮೋಡೆಮಿನ ನಂಬರನ್ನು ಕಂಪನಿ ಸೇರಿಸಿಕೊಳ್ಳದಿದ್ದರೆ ಗ್ರಾಹಕ ಏನೂ ಮಾಡುವಂತಿಲ್ಲ. ನಾನು ಸಂಪರ್ಕ ಪಡೆದಿರುವ ಕಂಪನಿಯನ್ನು ವಿಎಲ್‌ಎಎನ್ ಸಂಖ್ಯೆ (ಒಂದೇ ಜಾಲದಲ್ಲಿ ಬೇರೆ ಬೇರೆ ಸೇವೆಗಳನ್ನು ಪ್ರತ್ಯೇಕಿಸುವ ಸಂಖ್ಯೆ) ಹಾಗೂ ದೂರವಾಣಿ ಕರೆಯ ಸೆಟ್ಟಿಂಗ್ ಕೇಳಿದಾಗ, 'ಅದನ್ನು ಕೊಡುವ ಪದ್ಧತಿ ಇಲ್ಲ' ಎಂಬ ಉತ್ತರ ಬಂತು. ಜೊತೆಗೆ, ಮೋಡೆಮ್ ನಿರ್ವಹಣೆಗೆ ಓಎಂಸಿಐ ಎಂಬ ಸಮಾನ ನಿಯಮವಿದ್ದರೂ ತಯಾರಕರು ತಮ್ಮ ತಮ್ಮ ಸೇರ್ಪಡೆಗಳನ್ನು ಮಾಡಿಕೊಂಡಿರುವುದರಿಂದ, ಒಬ್ಬರ ಮೋಡೆಮ್ ಇನ್ನೊಬ್ಬರ ಓಎಲ್‌ಟಿಯೊಂದಿಗೆ ಪೂರ್ತಿಯಾಗಿ ಹೊಂದದಿರುವುದೂ ಉಂಟು.

ಕಂಪನಿಗಳ ಆತಂಕವನ್ನು ತಳ್ಳಿಹಾಕಲಾಗದು. ಒಂದೇ ಫೈಬರ್ 32 ಅಥವಾ 64 ಮನೆಗಳಿಗೆ ಕವಲೊಡೆದಿರುವುದರಿಂದ, ಕೆಟ್ಟ ಮೋಡೆಮೊಂದು ತನ್ನ ಸರದಿ ಮೀರಿ ಬೆಳಕು ಹೊಮ್ಮಿಸಿದರೆ ಆ ಕವಲಿನ ಮನೆಗಳಿಗೆಲ್ಲ ತೊಂದರೆಯಾಗುತ್ತದೆ. ಆದರೆ ಅದಕ್ಕೆ ಪರಿಹಾರ ಪರೀಕ್ಷೆಯೇ ಹೊರತು ನಿರ್ಬಂಧವಲ್ಲ. ದೂರಸಂಪರ್ಕ ಉಪಕರಣಗಳ ಕಡ್ಡಾಯ ಪರೀಕ್ಷೆ ಮತ್ತು ಪ್ರಮಾಣಪತ್ರದ ವ್ಯವಸ್ಥೆ ನಮ್ಮಲ್ಲಿ ಈಗಾಗಲೇ ಇದೆ. ಜಿಪಾನ್ ಉಪಕರಣಗಳನ್ನು ದೇಶದಲ್ಲಿಯೇ ರೂಪಿಸಿರುವ ಸರ್ಕಾರಿ ಸಂಶೋಧನಾ ಸಂಸ್ಥೆ ಸಿ-ಡಾಟ್‌ನ ಅನುಭವವೂ ಇದಕ್ಕೆ ಒದಗಬಹುದು.

ಜರ್ಮನಿಯಲ್ಲಿ ತಮ್ಮ ಮೋಡೆಮನ್ನು ತಾವೇ ಆರಿಸಿಕೊಳ್ಳುವ ಹಕ್ಕು 2016ರ ಆಗಸ್ಟ್ 1ರಿಂದ ಗ್ರಾಹಕರಿಗೆ ಕಾನೂನಿನಲ್ಲಿಯೇ ದೊರೆತಿದೆ. ಸಂಪರ್ಕಕ್ಕೆ ಬೇಕಾದ ವಿವರಗಳನ್ನು ಅಲ್ಲಿ ಕಂಪನಿ ಕೊಡಲೇಬೇಕು. ನಮ್ಮ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಕೂಡ 2020ರಲ್ಲಿ ಟಿ.ವಿ. ಸೆಟ್ ಟಾಪ್ ಬಾಕ್ಸ್‌ಗಳು ಎಲ್ಲ ಕಂಪನಿಗಳಿಗೂ ಹೊಂದುವಂತಿರಬೇಕೆಂದು ಶಿಫಾರಸು ಮಾಡಿತ್ತು. ಅದೇ ಧೋರಣೆಯನ್ನು ಫೈಬರ್ ಮೋಡೆಮಿಗೂ ವಿಸ್ತರಿಸಿ, ಪ್ರಮಾಣಪತ್ರವಿರುವ ಯಾವುದೇ ಮೋಡೆಮನ್ನು ನೋಂದಾಯಿಸಿಕೊಳ್ಳುವಂತೆಯೂ ಸೆಟ್ಟಿಂಗ್‌ಗಳನ್ನು ಲಿಖಿತವಾಗಿ ಕೊಡುವಂತೆಯೂ ಟ್ರಾಯ್ ಮತ್ತು ದೂರಸಂಪರ್ಕ ಇಲಾಖೆ ಕಂಪನಿಗಳಿಗೆ ಆದೇಶಿಸಬೇಕು. ಅಲ್ಲಿಯವರೆಗೆ ಕನಿಷ್ಠ ಪಕ್ಷ, ಕೇಳಿದವರಿಗೆ ಬ್ರಿಡ್ಜ್ ಮೋಡ್ (ಮೋಡೆಮ್ ಸಂಕೇತವನ್ನು ಮುಂದೆ ದಾಟಿಸುವ ಕೆಲಸವನ್ನಷ್ಟೇ ಮಾಡುವ ವಿಧಾನ) ತೆರೆದುಕೊಟ್ಟು ಸ್ವಂತ ವೈ-ಫೈ ರೌಟರ್ ಬಳಸಲು ಅವಕಾಶ ಮಾಡಿಕೊಡಲಿ.

– ಒಬ್ಬ ಓದುಗ, ಮೈಸೂರು