ಆ ಅಂಕಪಟ್ಟಿ ಬೇಕಾಗಿದೆ, ಶಿವು

ಪ್ರಿಯ ಶಿವು,

ಕಳೆದ ವಾರ ಬೆಂಗಳೂರಿನಿಂದ ಬರುವಾಗ ಮದ್ದೂರಿನಲ್ಲಿ ಎರಡೇ ವಡೆ ಕೊಂಡೆ. ಮೂರನೆಯದನ್ನು ಯಾಕೆ ಕೊಳ್ಳಲಿಲ್ಲ ಎಂಬುದು ನಿನಗೆ ಗೊತ್ತು.

ಈ ಪತ್ರವನ್ನು ಎಲ್ಲರ ಕಣ್ಣೆದುರಿಗೇ ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳಿದರೆ ನೀನು ‘ಹೂಂ’ ಎನ್ನುತ್ತೀಯ, ನಾನು ಮಾತು ಬದಲಿಸುತ್ತೇನೆ, ಅಲ್ಲಿಗೆ ಮುಗಿಯಿತು. ನಾಲ್ಕು ಜನ ಓದಿದ ಮೇಲೆ ಹಿಂದೆ ಸರಿಯುವುದು ಕಷ್ಟವಾಗಲಿ ಎಂದು ಬೇಕೆಂದೇ ಹೀಗೆ ಮಾಡಿದ್ದೇನೆ. ವಿಷಯ ಇಷ್ಟು: ನಾನು ನರ್ಸಿಂಗ್ ಓದಬೇಕೆಂದಿದ್ದೇನೆ.

ನನಗೀಗ 35 ನಡೆಯುತ್ತಿದೆ. ಜಿಎನ್‌ಎಂ, ಅಂದರೆ ಜನರಲ್ ನರ್ಸಿಂಗ್ ಮತ್ತು ಮಿಡ್‌ವೈಫರಿ ಡಿಪ್ಲೊಮಾಗೆ ಸೇರಲು ಗರಿಷ್ಠ ವಯಸ್ಸೂ 35. ಈ ವರ್ಷ ಬಿಟ್ಟರೆ ಬಾಗಿಲು ಮುಚ್ಚಿದಂತೆ. ಬಿ.ಎಸ್ಸಿ. ನರ್ಸಿಂಗ್‌ಗೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು. ನಾವಿಬ್ಬರೂ ಕಾಮರ್ಸ್‌ನವರು, ಆ ದಾರಿ ನಮಗಿಲ್ಲ. ಜಿಎನ್‌ಎಂಗೆ ವಿಜ್ಞಾನದವರಿಗೆ ಆದ್ಯತೆ ಇದ್ದರೂ ಬೇರೆಯವರೂ ಸೇರಬಹುದು. ಇಂಗ್ಲಿಷ್ ಓದಿರಬೇಕು, ಒಟ್ಟು ಶೇ. 40 ಅಂಕ ಇರಬೇಕು. ಓದು 3 ವರ್ಷ, ಅದರಲ್ಲಿ ಕೊನೆಯ 6 ತಿಂಗಳು ಇಂಟರ್ನ್‌ಷಿಪ್. ಅದೂ ಮುಗಿದು ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಣಿಯಾದ ಮೇಲೆಯೇ ನರ್ಸ್ ಅನ್ನಿಸಿಕೊಳ್ಳುವುದು.

ಹೆಂಡತಿ ಮೊದಲು ಕೇಳಿದ್ದು ದುಡ್ಡಿನ ಲೆಕ್ಕ. ಗೊಬ್ಬರದ ಅಂಗಡಿಯ ಲೆಕ್ಕ ಬರೆದು ತಂದ 12 ವರ್ಷಗಳ ಸಂಬಳ ನಿಲ್ಲುತ್ತದೆ. ಅವಳ ಶಾಲೆಯ ಸಂಬಳವಿದೆ, ವಿ.ಸಿ. ನಾಲೆಯ ಕೆಳಗೆ 30 ಗುಂಟೆ ಕಬ್ಬಿದೆ. ಕಬ್ಬಿನ ದುಡ್ಡು ಬರುವುದು ವರ್ಷಕ್ಕೊಮ್ಮೆ, ಮಗಳ ಶಾಲೆಯ ಶುಲ್ಕ ಅದಕ್ಕಾಗಿ ಕಾಯುವುದಿಲ್ಲ. ಎರಡು ರಾತ್ರಿ ಕೂತು ಲೆಕ್ಕ ಹಾಕಿದೆವು. ಬಿಗಿಯಾಗಿದೆ, ಆದರೆ ಆಗುತ್ತದೆ.

ಅವ್ವ ರಾಗಿ ಕೇರುತ್ತಿದ್ದಾಗ ಹೇಳಿದೆ. ಮೂರನೆಯ ವರ್ಷದಲ್ಲಿ ಹೆರಿಗೆ, ಬಾಣಂತಿಯರ ಆರೈಕೆಯ ಪಾಠವೂ ಇದೆ, ಗಂಡುಹುಡುಗರೂ ಓದಬೇಕು ಎಂದೆ. ಮೊರ ನಿಂತಿತು. “ಚೆಲುವಾಂಬ ಆಸ್ಪತ್ರೆಯಲ್ಲಿ ನೀನು ಹುಟ್ಟಿದಾಗ ನಿನ್ನನ್ನು ಮೊದಲು ಎತ್ತಿಕೊಂಡವಳು ನಾನಲ್ಲ, ಒಬ್ಬಳು ನರ್ಸಮ್ಮ” ಎಂದಳು. ಮೊರ ಮತ್ತೆ ಆಡತೊಡಗಿತು. ಅದನ್ನೇ ಒಪ್ಪಿಗೆ ಎಂದುಕೊಂಡಿದ್ದೇನೆ.

ಇದೆಲ್ಲ ಎಲ್ಲಿಂದ ಶುರುವಾಯಿತೆಂದು ನಿನಗೆ ಗೊತ್ತು. ಅಪ್ಪನಿಗೆ ಲಕ್ವ ಹೊಡೆದಾಗ ಮಂಡ್ಯದಿಂದ ಮೈಸೂರಿನ ದೊಡ್ಡಾಸ್ಪತ್ರೆಗೆ ಹೊತ್ತೊಯ್ದಾಗ ಆಂಬುಲೆನ್ಸಿನಲ್ಲಿ ನೀನೂ ಇದ್ದೆ. ಆಮೇಲಿನ 23 ದಿನ ನಾನು ಆ ವಾರ್ಡಿನಲ್ಲಿದ್ದೆ. ಎಡಗೈ, ಎಡಗಾಲು ಸತ್ತಂತಿದ್ದ ಅಪ್ಪನನ್ನು 2 ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನ ಕೆಳಗೆ, ಹಿಮ್ಮಡಿಯಲ್ಲಿ ಹಾಸಿಗೆ ಹುಣ್ಣಾಗುತ್ತದೆ. ರಾತ್ರಿ ಪಾಳಿಯ ನರ್ಸ್ ಅದನ್ನು ಮಾಡುವುದನ್ನು ನಾನು ಎಷ್ಟು ಸಲ ನೋಡಿದೆನೋ! ಮೈಯನ್ನು ಎಳೆಯುತ್ತಿರಲಿಲ್ಲ. ಸೊಂಟದ ಕೆಳಗೆ ಹಾಸಿದ್ದ ಅಡ್ಡ ಬಟ್ಟೆಯ ಎರಡು ಅಂಚುಗಳನ್ನು ಹತ್ತಿರಕ್ಕೆ ಸುತ್ತಿಕೊಂಡು, ಆ ಕಡೆ ನನ್ನನ್ನು ನಿಲ್ಲಿಸಿ, “ಒಂದು, ಎರಡು” ಎಂದು ಅಪ್ಪನಿಗೇ ಕೇಳುವಂತೆ ಎಣಿಸಿ ಹೊರಳಿಸುತ್ತಿದ್ದರು. ಮೊಣಕಾಲುಗಳ ನಡುವೆ ಒಂದು ದಿಂಬು, ಬೆನ್ನಿಗೆ ಒಂದು. ಕೊನೆಗೆ ಕೆಳಗೆ ಸಿಕ್ಕಿಕೊಂಡ ಭುಜವನ್ನು ಅಂಗೈಯಿಂದ ಮೆಲ್ಲಗೆ ಮುಂದಕ್ಕೆ ತರುತ್ತಿದ್ದರು. ಹಾಸಿದ ಬಟ್ಟೆಯಲ್ಲಿ ಒಂದು ಸುಕ್ಕು ಉಳಿದರೂ ಬಿಡುತ್ತಿರಲಿಲ್ಲ. ಬುದ್ಧಿಯನ್ನೆಲ್ಲ ಬೆರಳ ತುದಿಗೆ ತಂದುಕೊಂಡ ಕೆಲಸ ಅದು. ಇದನ್ನು ನಾನು ಕಲಿಯಬೇಕು ಎಂದು ಆಗಲೇ ಅನ್ನಿಸಿತ್ತು.

ಇಲ್ಲಿಗೆ ನಿಲ್ಲಿಸಬಹುದಿತ್ತು. ಕೇಳಿದವರಿಗೆಲ್ಲ ಇಷ್ಟೇ ಹೇಳಿದ್ದೇನೆ.

20ನೆಯ ರಾತ್ರಿ ಅಪ್ಪ ನನ್ನನ್ನು ಕರೆದ. ಮಂಚದ ಪಕ್ಕ ಚಾಪೆಯ ಮೇಲೆ ಮಲಗಿದ್ದೆ, ಎಚ್ಚರವಾಗಿಯೇ ಇದ್ದೆ. ನಾಲಿಗೆ ತೊದಲುತ್ತಿದ್ದರೂ ನನ್ನ ಹೆಸರು ಸ್ಪಷ್ಟವಾಗಿ ಕೇಳಿಸಿತು. ಹಾಸಿಗೆ ಒದ್ದೆಯಾಗಿತ್ತು, ವಾಸನೆ ಬರುತ್ತಿತ್ತು. ನಾನು ಕಣ್ಣು ಬಿಡಲಿಲ್ಲ, ಶಿವು. ಮೂರು ಸಲ ಕರೆದು ಅಪ್ಪ ಸುಮ್ಮನಾದ. ಸ್ವಲ್ಪ ಹೊತ್ತಿನ ಮೇಲೆ ನರ್ಸ್ ಬಂದರು. ಬಿಸಿನೀರು ತಂದು ಒರೆಸಿದರು, ಬಟ್ಟೆ ಬದಲಿಸಿದರು. ನನ್ನನ್ನು ಎಬ್ಬಿಸದೆ ಇನ್ನೊಬ್ಬರನ್ನು ಕರೆದು ಮಗ್ಗುಲು ಹೊರಳಿಸಿದರು. ಹೋಗುವಾಗ ನನ್ನ ಕಾಲಿನಿಂದ ಜಾರಿದ್ದ ಹೊದಿಕೆಯನ್ನು ಎಳೆದು ಹೊದಿಸಿ ಹೋದರು. ಮೂರು ದಿನಕ್ಕೆ ಅಪ್ಪ ಹೋದ.

ಈಗ ಅರ್ಜಿ ತುಂಬಲು ಕೂತಾಗಲೆಲ್ಲ ಆ ಹೊದಿಕೆ ನೆನಪಾಗುತ್ತದೆ. ಆ ಕೆಲಸದ ಮೇಲಿನ ಪ್ರೀತಿಯಿಂದ ಹೋಗುತ್ತಿದ್ದೇನೋ, ಆ ಮೂರು ಕರೆಗಳಿಗೆ ಓಗೊಡಲು ಹೋಗುತ್ತಿದ್ದೇನೋ? ಒಂದು ವಾರ್ಡಿನ ಅಷ್ಟೂ ಹಾಸಿಗೆಗಳಿಂದ, ನನಗೆ ಏನೂ ಆಗಬೇಕಿಲ್ಲದವರು ನಡುರಾತ್ರಿ ಕರೆದಾಗ ಏಳುತ್ತೇನೆಯೇ? ಏಳುತ್ತೇನೆ ಎಂದು ಮನಸ್ಸು ಹೇಳುತ್ತದೆ. ಹಗಲು ಹೊತ್ತು ಹೇಳುತ್ತದೆ. ವಾರ್ಡಿನಲ್ಲಿ ಗಂಡಸು ನರ್ಸ್‌ಗಳನ್ನು ‘ಬ್ರದರ್’ ಎಂದು ಕರೆಯುತ್ತಾರೆ. ಆ ಒಂದು ಕರೆಗೆ ತಿರುಗಿ ನೋಡುವವನಾಗಬೇಕೆಂಬ ಆಸೆ ಮಾತ್ರ ರಾತ್ರಿಯೂ ಹಾಗೇ ಇದೆ.

ಇಷ್ಟು ಬರೆಯಬೇಕೆಂದು ಕೂತಿರಲಿಲ್ಲ. ಈ ಹಾದಿಯಲ್ಲಿ ತಡವಾಗಿ ಹೊರಟವರು ಯಾರಾದರೂ ಓದುತ್ತಿದ್ದರೆ ನನಗೆ ಎರಡು ಸಾಲು ಬರೆಯಿರಿ, ಕೈಮುಗಿದು ಓದುತ್ತೇನೆ.

ಶಿವು, ಮಳೆ ಚೆನ್ನಾಗಿ ಹಿಡಿದಿದೆ. ಆಷಾಢ ಶುಕ್ರವಾರಕ್ಕೆ ಚಾಮುಂಡಿ ಬೆಟ್ಟಕ್ಕೆ ಮೆಟ್ಟಿಲಲ್ಲೇ ಹತ್ತೋಣ, ಈ ಸಲವೂ ಕೊಡೆ ನಿನ್ನದೇ, ಹೋದ ಸಲದ್ದನ್ನು ನಿನ್ನ ಹೆಂಡತಿಗೆ ನಾನು ಹೇಳಿಲ್ಲ. ಇಳಿದು ಬಂದ ಮೇಲೆ ಅವ್ವ ಮುದ್ದೆ, ಉಪ್ಪೆಸರು ಮಾಡುತ್ತಾಳಂತೆ. ಬರುವಾಗ ನಿನ್ನ ಟ್ರಂಕಿನ ತಳದಲ್ಲಿರುವ ನನ್ನ ಪಿಯುಸಿ ಅಂಕಪಟ್ಟಿ ತಾ. ಅದು ನಿನ್ನ ಬಳಿ ಯಾಕಿದೆ ಎಂಬುದು ನಮ್ಮಿಬ್ಬರಲ್ಲೇ ಇರಲಿ. ಜೆರಾಕ್ಸ್ ಸಾಲದು, ಮೂಲಪ್ರತಿಯೇ ಬೇಕು.

ನಿನ್ನವನೇ