ಮೀನು ಹುದುಗಿಸುವಾಗ ಉಪ್ಪು ‘ರುಚಿಗೆ ತಕ್ಕಷ್ಟು’ ಅಲ್ಲ

ಮಾನ್ಯ ಸಂಪಾದಕರೇ,

ಸಣ್ಣ ಮೀನನ್ನು ಇಡಿಯಾಗಿ ಉಪ್ಪಿನಲ್ಲಿ ಹುದುಗಿಸಿ ಪೇಸ್ಟ್ ಮಾಡುವುದು ಹೇಗೆ ಅಂತ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದಿದ್ದು ಓದಿ ಖುಷಿಯಾಯಿತು. ಆದರೆ ಅದರಲ್ಲಿ ‘ಉಪ್ಪು ರುಚಿಗೆ ತಕ್ಕಷ್ಟು’ ಅಂತ ಹಾಕಿದ್ದೀರಲ್ಲ, ಅದನ್ನು ದಯವಿಟ್ಟು ತಿದ್ದಿ. ಸಾರಿಗಾದರೆ ಸರಿ, ಇದಕ್ಕೆ ಖಂಡಿತ ಆಗದು.

ಮೂರು ಪಾಲು ಮೀನಿಗೆ ಒಂದು ಪಾಲು ಉಪ್ಪು, ಅದೂ ತೂಕ ಮಾಡಿಯೇ ಹಾಕಬೇಕು. ಲೋಟದಲ್ಲಿ ಅಳೆದರೆ ಕಲ್ಲುಪ್ಪು ಪುಡಿಯುಪ್ಪಿಗಿಂತ ಕಡಿಮೆ ಬೀಳುತ್ತದೆ. ಫಿಲಿಪೀನ್ಸ್‌ನಲ್ಲಿ ಬಗೂಂಗ್ ಅನ್ನುವ ಹುದುಗಿಸಿದ ಮೀನಿನ ಪೇಸ್ಟ್ ಮಾಡುವವರು ಹೆಚ್ಚುಕಮ್ಮಿ ಇದೇ ಲೆಕ್ಕ ಹಿಡಿಯುತ್ತಾರೆ. ಅಷ್ಟು ಉಪ್ಪಿದ್ದರೆ ಮೀನು ಕೊಳೆಸುವ ಬ್ಯಾಕ್ಟೀರಿಯಾ ತೆಪ್ಪಗಿರುತ್ತವೆ, ಮೀನಿನ ಹೊಟ್ಟೆಯೊಳಗಿನ ಕಿಣ್ವಗಳು ಮಾತ್ರ ಮಾಂಸವನ್ನು ನಿಧಾನವಾಗಿ ಕರಗಿಸುತ್ತಾ ಹೋಗುತ್ತವೆ, ಪ್ರೋಟೀನ್ ಒಡೆದು ಗ್ಲುಟಮೇಟ್ ಹೊರಬಂದು ಆ ಗಾಢ ರುಚಿ ಹುಟ್ಟುತ್ತದೆ. ಕರುಳು ತೆಗೆಯದೆ ಇಡೀ ಮೀನು ಹಾಕುವುದು ಅದಕ್ಕೇ. ತಿಂಗಳುಗಟ್ಟಲೆ ಹಿಡಿಯುತ್ತದೆ. ಅವಸರ ಮಾಡಿದರೆ ಸುಮ್ನೆ ಉಪ್ಪುಮೀನು ಸಿಗುತ್ತದೆ, ಅಷ್ಟೆ.

ಸಣ್ಣ ಮೀನು ಸಿಗದಿದ್ದರೆ ದೊಡ್ಡದನ್ನೇ ಇಡಿಯಾಗಿ ಹಾಕಿ ಅಂತಲೂ ಇತ್ತು. ಇದು ಇನ್ನೂ ಅಪಾಯ. ಮೀನು ದಪ್ಪವಾದಷ್ಟೂ ಉಪ್ಪು ಒಳಗಿಳಿಯಲು ಹೊತ್ತು ಜಾಸ್ತಿ ಬೇಕು, ಅಷ್ಟರಲ್ಲಿ ಕರುಳಿನ ಹತ್ತಿರ ಬಾಟ್ಯುಲಿಸಂ (ನರಗಳನ್ನು ಕೆಡಿಸಿ ಜೀವಕ್ಕೇ ಕುತ್ತು ತರುವ ಕಾಯಿಲೆ) ತರುವ ಬ್ಯಾಕ್ಟೀರಿಯಾ ವಿಷ ಮಾಡಿಬಿಡಬಹುದು. ಮೂಸಿದರೆ ಅದು ಗೊತ್ತಾಗುವುದಿಲ್ಲ (ಈ ಜಾಡಿಯ ವಾಸನೆಯಲ್ಲಿ ಬೇರೇನು ತಾನೇ ಗೊತ್ತಾದೀತು!). 5 ಇಂಚಿಗಿಂತ ಉದ್ದದ ಮೀನನ್ನು ಕರುಳು ತೆಗೆಯದೆ ಉಪ್ಪು ಹಾಕಿ ಮಾರುವುದನ್ನು ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪುವುದೇ ಇಲ್ಲ.

ಮೀನಿನ ತಾಜಾತನದ ಮಾತಂತೂ ಲೇಖನದಲ್ಲಿ ಬರಲೇ ಇಲ್ಲ. ಉಪ್ಪು ಬೀಳುವವರೆಗೂ ಮೀನು ಐಸಿನಲ್ಲೇ ಇರಬೇಕು. ಆಂಚೊವಿ, ಬೂತಾಯಿಯಂಥವು ಸೆಕೆಯಲ್ಲಿ ಕೆಲವು ಗಂಟೆ ಬಿದ್ದಿದ್ದರೆ ಹಿಸ್ಟಮಿನ್ ಅನ್ನುವ ರಾಸಾಯನಿಕ ಸೇರಿಕೊಳ್ಳುತ್ತದೆ, ಆಮೇಲೆ ಎಷ್ಟು ಉಪ್ಪು ಸುರಿದರೂ, ಎಷ್ಟು ಕುದಿಸಿದರೂ ಅದು ಹೋಗುವುದಿಲ್ಲ. ತಿಂದವರಿಗೆ ಮುಖ ಕೆಂಪಾಗಿ ಮೈ ತುರಿಸುತ್ತದೆ, ತಲೆ ಸಿಡಿಯುತ್ತದೆ, ಅವರು ಮೀನಿನ ಅಲರ್ಜಿ ಅಂದುಕೊಳ್ಳುತ್ತಾರೆ.

ಆರೋಗ್ಯಕ್ಕೆ ಒಳ್ಳೆಯದು ಅಂತ ಉಪ್ಪು ಕಡಿಮೆ ಹಾಕಲು ಹೇಳಿದ್ದೀರೇನೋ. ಬಿಪಿ ಇರುವವರು ಅಡುಗೆಗೆ ಹಾಕುವ ಪೇಸ್ಟ್ ಕಡಿಮೆ ಮಾಡಲಿ, ಜಾಡಿಯ ಉಪ್ಪಿಗೆ ಕೈ ಹಾಕುವುದು ಬೇಡ. ಆ ಲೇಖನ ನೋಡಿ ಈಗಾಗಲೇ ಯಾರಾದರೂ ಜಾಡಿ ತುಂಬಿಸಿಟ್ಟಿರಬಹುದು, ಅಲ್ವಾ? ಹಾಗಾಗಿ ಮುಂದಿನ ಭಾನುವಾರದವರೆಗೆ ಕಾಯದೆ ನಾಳೆಯೇ ತಿದ್ದುಪಡಿ ಹಾಕಿ.

– ನಿಮ್ಮ ಓದುಗ