ದಾವಣಗೆರೆಯ ಅಂಗಳಕ್ಕೆ ಮಿನ್ನೆಸೋಟದ ಗಾಳಿ ಬೇಕಿಲ್ಲ

ಮಾನ್ಯ ಸಂಪಾದಕರೇ,

ಮನೆಯ ಮುಂದಿನ ಕಾಂಕ್ರೀಟ್ ಅಂಗಳದ ಬಗ್ಗೆ ಕಳೆದ ವಾರದ ನಿಮ್ಮ ಪುರವಣಿಯಲ್ಲಿ ಬಂದ ಲೇಖನವನ್ನು ನಮ್ಮ ಬೀದಿಯ ನಿವೃತ್ತ ಮೇಷ್ಟ್ರೊಬ್ಬರು ಕತ್ತರಿಸಿ ತಂದು ನನ್ನ ಕೈಗಿಟ್ಟರು. ಬರುವ ವಾರ ಅವರ ಮನೆಯ ಅಂಗಳಕ್ಕೆ ಕಾಂಕ್ರೀಟ್ ಹಾಕಿಸುವುದಿದೆ. "ಅಮೆರಿಕದಲ್ಲಿ ಕಾಂಕ್ರೀಟಿಗೆ ಗಾಳಿ ಬೆರೆಸುತ್ತಾರಂತೆ ಮೇಸ್ತ್ರಿ, ಹಾಗೆ ಮಾಡಿದರೆ ಬಿರುಕೇ ಬಿಡುವುದಿಲ್ಲವಂತೆ. ನಮಗೂ ಅದನ್ನೇ ಹಾಕಿಸಿಕೊಡಿ" ಎಂದರು. ನಾನು ಈ ಊರಿನಲ್ಲಿ 38 ವರ್ಷ ಗಾರೆ ಕೆಲಸ ಮಾಡಿದವನು. ಲೇಖನ ಬರೆದವರು ಅರ್ಧ ಸರಿ ಹೇಳಿದ್ದಾರೆ. ಉಳಿದರ್ಧಕ್ಕೆ ಮೇಷ್ಟ್ರು ಹಣ ತೆರಬೇಕಾಗುತ್ತಿತ್ತು, ಅದಕ್ಕೇ ಈ ಪತ್ರ.

ಆ ಗಾಳಿ ಬೆರೆಸಿದ ಕಾಂಕ್ರೀಟನ್ನು ನಾನು ಕಣ್ಣಾರೆ ನೋಡಿದ್ದೇನೆ. ನನ್ನ ಮಗಳು, ಅಳಿಯ ಮಿನ್ನೆಸೋಟ ರಾಜ್ಯದ ಮಿನಿಯಾಪೊಲಿಸ್ ಹತ್ತಿರ ಇದ್ದಾರೆ. ಎರಡು ವರ್ಷದ ಹಿಂದೆ ನಾನೂ ನನ್ನ ಹೆಂಡತಿಯೂ ಹೋಗಿ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಅಲ್ಲಿದ್ದೆವು. ನಾವು ಹೋದಾಗ ರಸ್ತೆ ಬದಿಯಲ್ಲಿ ಕೊಳೆ ಹಿಮದ ಗುಡ್ಡೆಗಳು ಇನ್ನೂ ಕರಗಿರಲಿಲ್ಲ. ಅಳಿಯನ ಮನೆ ಮುಂದೆ ಕಾರು ನಿಲ್ಲಿಸುವ ಕಾಂಕ್ರೀಟ್ ಹಾಸು ಹಪ್ಪಳದಂತೆ ಪದರ ಪದರವಾಗಿ ಎದ್ದಿತ್ತು. ಕಾಲಿನಲ್ಲಿ ಉಜ್ಜಿದರೆ ಜಲ್ಲಿ ಕಾಣುತ್ತಿತ್ತು. ನನಗೆ ನಗು ಬಂತು. ಇಷ್ಟು ದೊಡ್ಡ ದೇಶದಲ್ಲೂ ನಮ್ಮಂಥ ಮೇಸ್ತ್ರಿಗಳಿದ್ದಾರೆ ಎಂದುಕೊಂಡೆ.

ಕಾರಣ ಆಮೇಲೆ ತಿಳಿಯಿತು. ನೀರು ಹೆಪ್ಪುಗಟ್ಟಿದಾಗ ಸುಮಾರು ಶೇ 9ರಷ್ಟು ಹಿಗ್ಗುತ್ತದೆ. ನೀರು ತುಂಬಿದ ಗಾಜಿನ ಬಾಟಲಿಯನ್ನು ಫ್ರೀಜರಿನಲ್ಲಿ ಮರೆತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಾಂಕ್ರೀಟಿನ ಒಳಗಿನ ಸಣ್ಣ ರಂಧ್ರಗಳಲ್ಲಿ ನೀರು ಇದ್ದೇ ಇರುತ್ತದೆ. ಅಲ್ಲಿ ಹಗಲು ಬಿಸಿಲಿಗೆ ಹಿಮ ಕರಗಿ ಒಳಗೆ ಇಳಿಯುತ್ತದೆ, ರಾತ್ರಿ ಮತ್ತೆ ಗಟ್ಟಿಯಾಗಿ ಒಳಗಿನಿಂದಲೇ ಒತ್ತುತ್ತದೆ. ಒಂದು ಚಳಿಗಾಲದಲ್ಲಿ ಇದು ಹತ್ತಾರು ಸಲ ನಡೆಯುತ್ತದೆ. ಸಾಲದ್ದಕ್ಕೆ, ಹಿಮ ಕರಗಲೆಂದು ರಸ್ತೆಗೆ ಉಪ್ಪು ಎರಚುತ್ತಾರೆ. ಆ ಉಪ್ಪುನೀರು ಕಾರಿನ ಅಡಿಯಿಂದ ತೊಟ್ಟಿಕ್ಕಿ ಮನೆಯ ಅಂಗಳವನ್ನೂ ತಿನ್ನುತ್ತದೆ.

ಇದಕ್ಕೆ ಅವರು ಕಂಡುಕೊಂಡ ಉಪಾಯವೇ ಗಾಳಿ. ಒಂದು ದ್ರಾವಣವನ್ನು ಚೂರು ಬೆರೆಸಿದರೆ ಕಾಂಕ್ರೀಟಿನ ತುಂಬ ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಗುಳ್ಳೆಗಳು ಹರಡಿಕೊಳ್ಳುತ್ತವೆ. ಹೆಪ್ಪುಗಟ್ಟಿ ಹಿಗ್ಗುವ ನೀರಿಗೆ ಆ ಗುಳ್ಳೆಗಳಲ್ಲಿ ಜಾಗ ಸಿಗುತ್ತದೆ, ಕಾಂಕ್ರೀಟ್ ಒಡೆಯುವುದಿಲ್ಲ. ಇದು ಮೊದಲು ಗೊತ್ತಾಗಿದ್ದು ಆಕಸ್ಮಿಕವಾಗಿಯಂತೆ. 1930ರ ದಶಕದಲ್ಲಿ ನ್ಯೂಯಾರ್ಕ್ ಕಡೆಯ ಕೆಲವು ರಸ್ತೆಗಳು ಚಳಿಗೆ ಹಾಳಾಗದೆ ಉಳಿದವು. ಯಾಕೆಂದು ಹುಡುಕಿದರೆ, ಅವುಗಳ ಸಿಮೆಂಟನ್ನು ಅರೆಯುವಾಗ ದನದ ಕೊಬ್ಬು ಬೆರೆಸಿದ್ದರು, ಅದರಿಂದ ಗುಳ್ಳೆಗಳು ಎದ್ದಿದ್ದವು. ಅಳಿಯ ಇದನ್ನು ಓದಿ ಹೇಳಿದಾಗ ನನ್ನ ಹೆಂಡತಿ ಎದ್ದು ಒಳಗೆ ಹೋದಳು. ಈಗ ಕೊಬ್ಬಿಲ್ಲ, ಬೇರೆ ದ್ರಾವಣಗಳು ಬಂದಿವೆ ಎಂದು ಮೂರು ದಿನ ಸಮಜಾಯಿಷಿ ಹೇಳಬೇಕಾಯಿತು.

ಈಗ ಮೇಷ್ಟ್ರ ಅಂಗಳಕ್ಕೆ ಬರೋಣ. ದಾವಣಗೆರೆಯಲ್ಲಿ ಡಿಸೆಂಬರ್ ಬೆಳಗಿನ ಜಾವ ಮಫ್ಲರ್ ಸುತ್ತಿಕೊಳ್ಳುತ್ತೇವೆ, ಅಷ್ಟೇ. ಇಲ್ಲಿ ಬಕೆಟ್ಟಿನ ನೀರು ಎಂದೂ ಹೆಪ್ಪುಗಟ್ಟಿಲ್ಲ. ಬರದ ನೆಂಟರಿಗೆ ಗುಳ್ಳೆಗಳಲ್ಲಿ ಜಾಗ ಮಾಡಿಟ್ಟು ಏನು ಪ್ರಯೋಜನ? ಸುಮ್ಮನೆ ಬೆರೆಸಿದರೆ ನಷ್ಟವೂ ಇದೆ. ಗಾಳಿ ಶೇ 1ರಷ್ಟು ಹೆಚ್ಚಿದರೆ ಕಾಂಕ್ರೀಟಿನ ಬಲ ಸುಮಾರು ಶೇ 5ರಷ್ಟು ಇಳಿಯುತ್ತದೆ. ಅಳಿಯನ ಅಂಗಳಕ್ಕೆ ಆಮೇಲೆ ಹಾಕಿದ ಹೊಸ ಕಾಂಕ್ರೀಟಿನಲ್ಲಿ ಶೇ 6ರಷ್ಟು ಗಾಳಿ ಇತ್ತು. ಅವರು ಸಿಮೆಂಟ್ ಹೆಚ್ಚಿಸಿ, ನೀರು ಇಳಿಸಿ ಆ ನಷ್ಟ ತುಂಬಿಕೊಳ್ಳುತ್ತಾರೆ. ಕಾಂಕ್ರೀಟ್ ಕೆಲಸಕ್ಕೆ ನಮ್ಮ ದೇಶದ ನಿಯಮಪುಸ್ತಕವಾದ ಐಎಸ್ 456 ಸಂಹಿತೆಯೂ ಹೆಪ್ಪುಗಟ್ಟುವ ಜಾಗಗಳಿಗೆ ಗಾಳಿ ಬೆರೆಸಿದ ಕಾಂಕ್ರೀಟನ್ನೇ ಹೇಳುತ್ತದೆ. ಅದು ಲಡಾಖಿನವರಿಗೆ ಬೇಕಾದದ್ದು. ಇನ್ನು ಬಿರುಕಿನ ಮಾತು: ಗಾಳಿಗುಳ್ಳೆ ತಡೆಯುವುದು ಚಳಿಯ ಹೊಡೆತವನ್ನು. ಒಣಗಿ ಕುಗ್ಗುವುದರಿಂದ ಬರುವ ಬಿರುಕಿಗೂ ಅದಕ್ಕೂ ಸಂಬಂಧವಿಲ್ಲ. ಲೇಖನ ತಪ್ಪಿದ್ದು ಇಲ್ಲೇ.

ಹಾಗಾದರೆ ಅಮೆರಿಕದಲ್ಲಿ ಕಲಿಯುವಂಥದ್ದು ಏನೂ ಇರಲಿಲ್ಲವೇ ಎಂದರೆ, ಇತ್ತು. ಅದನ್ನು ಹೇಳಲು ನನಗೇ ಸ್ವಲ್ಪ ನಾಚಿಕೆ.

ಅಕ್ಟೋಬರ್ ಮೊದಲ ವಾರ ಹೊಸ ಹಾಸು ಹಾಕಲು ಬಂದರು. ಅದಕ್ಕೆ ಮುಂಚೆ ಒಂದು ಸಲ ದಿನ ಗೊತ್ತುಮಾಡಿ, ರಾತ್ರಿ ತಾಪಮಾನ ಸೊನ್ನೆಗಿಂತ ಕೆಳಗಿಳಿಯಬಹುದು ಎಂದು ಮುಂದೆ ಹಾಕಿದ್ದರು. ಹಸಿ ಕಾಂಕ್ರೀಟ್ ಮೊದಲ ರಾತ್ರಿಯೇ ಹೆಪ್ಪುಗಟ್ಟಿದರೆ ಅದರ ಬಲ ಅರ್ಧಕ್ಕಿಳಿಯಬಹುದು. ಮೇಸ್ತ್ರಿ ಮೆಕ್ಸಿಕೋ ಮೂಲದವನು, ನನ್ನದೇ ಕುಳ್ಳು ಮೈಕಟ್ಟು. ಭಾಷೆ ಬಾರದಿದ್ದರೂ ಕರಣೆ ಹಿಡಿದ ಕೈ ನನಗೆ ಅರ್ಥವಾಗುತ್ತದೆ. ಲಾರಿಯಿಂದ ಬಿದ್ದ ಮಾಲು ನನ್ನ ಕಣ್ಣಿಗೆ ತೀರ ಗಟ್ಟಿ ಕಂಡಿತು. ಆಳುಗಳು ಎಳೆಯಲು ತಿಣುಕುತ್ತಿದ್ದರು. ಸಹಾಯ ಮಾಡೋಣವೆಂದು ಗಿಡಕ್ಕೆ ನೀರು ಬಿಡುವ ಪೈಪು ಹಿಡಿದು ಹೊರಟೆ. ಆತ "ನೋ ವಾಟರ್, ನೋ ವಾಟರ್" ಎಂದು ಎರಡೂ ಕೈ ಬೀಸುತ್ತಾ ಓಡಿ ಬಂದು ಪೈಪು ಕಿತ್ತುಕೊಂಡ. ಲಾರಿಯ ಚಾಲಕ ಒಂದು ಚೀಟಿ ತೋರಿಸಿದ. ಮಾಲು ತುಂಬಿದ ಹೊತ್ತು, ಅದರಲ್ಲಿರುವ ನೀರು, ಗಾಳಿಯ ಪ್ರಮಾಣ ಎಲ್ಲವೂ ಅದರಲ್ಲಿತ್ತು. ಬಂದ ಮೇಲೆ ಯಾರಾದರೂ ನೀರು ಹಾಕಿಸಿದರೆ ಎಷ್ಟು ಹಾಕಿಸಿದರೆಂದು ಅದರಲ್ಲೇ ಬರೆದು ಸಹಿ ಮಾಡಬೇಕು. ಸಹಿ ಹಾಕಿದವನೇ ಮುಂದಿನ ಗುಣಮಟ್ಟಕ್ಕೆ ಜವಾಬ್ದಾರ.

ನನ್ನ 38 ವರ್ಷದಲ್ಲಿ ಅಂಥ ಸಹಿ ಹಾಕಬೇಕಾಗಿ ಬಂದಿದ್ದರೆ ನನ್ನ ಹೆಬ್ಬೆರಳು ಸವೆದುಹೋಗುತ್ತಿತ್ತು. 50 ಕಿಲೋ ಸಿಮೆಂಟ್ ಚೀಲಕ್ಕೆ 22-23 ಲೀಟರ್ ನೀರು ಸಾಕು, ಮರಳು ಒದ್ದೆಯಾಗಿದ್ದರೆ ಅದಕ್ಕಿಂತಲೂ ಕಡಿಮೆ. ಇದು ನನಗೆ ಗೊತ್ತಿರಲಿಲ್ಲ ಎಂದಲ್ಲ. ಎಂಜಿನಿಯರ್ ಬಂದಾಗ ಹಾಗೆ, ಹೋದ ಮೇಲೆ ಹೀಗೆ. ಮಾಲು ತೆಳುವಾದರೆ ಬೇಗ ಹರಿಯುತ್ತದೆ, ಮಧ್ಯಾಹ್ನದ ಊಟದ ಹೊತ್ತಿಗೆ ಕೆಲಸ ಮುಗಿಯುತ್ತದೆ. ಆಮೇಲೆ ಆ ಹೆಚ್ಚಿನ ನೀರು ಮೇಲೆ ಬಂದು ನಿಲ್ಲುತ್ತಿತ್ತು. ಒಣ ಸಿಮೆಂಟ್ ಎರಚಿ ಕರಣೆಯಲ್ಲಿ ತಿಕ್ಕಿ ಕನ್ನಡಿಯಂತೆ ಹೊಳೆಸಿ ಕೊಡುತ್ತಿದ್ದೆವು. ಮನೆಯವರು ಭಲೇ ಎನ್ನುತ್ತಿದ್ದರು. ಮೇಲಿನ ಆ ತೆಳು ಪದರ ಎರಡು ಮಳೆಗಾಲಕ್ಕೆ ಪುಡಿಯಾಗಿ ಏಳುವುದನ್ನು ನೋಡಲು ನಾವು ಅಲ್ಲಿ ಇರುತ್ತಿರಲಿಲ್ಲ. ಅಲ್ಲಿಯವರು ನೀರು ತಾನಾಗಿ ಆರುವವರೆಗೆ ಕೈಕಟ್ಟಿ ಕಾಯ್ದರು. ಆಮೇಲೆ ಕರಣೆಯಲ್ಲಿ ಹೊಳಪು ಕೊಡದೆ ಉದ್ದ ಪೊರಕೆ ಎಳೆದು ಗೆರೆ ಮೂಡಿಸಿದರು. ಜಾರುವುದಿಲ್ಲ, ಪದರ ಏಳುವುದಿಲ್ಲ. ಮರುದಿನ ಕಟರ್ ತಂದು ನಾಲ್ಕು ಇಂಚಿನ ಹಾಸಿನಲ್ಲಿ ಒಂದಿಂಚು ಆಳಕ್ಕೆ, ಸುಮಾರು ಎಂಟು ಅಡಿಗೊಂದರಂತೆ ಸೀಳಿದರು. ಬಿರುಕು ಬರುವುದಾದರೆ ಆ ಸೀಳಿನ ಕೆಳಗೆ, ಯಾರಿಗೂ ಕಾಣದಂತೆ ಬರುತ್ತದೆ.

ನನ್ನ ಸ್ವಂತ ಮನೆಯ ಅಂಗಳದಲ್ಲಿ ಅಂಥ ಸೀಳಿಲ್ಲ. ಬಿರುಕು ತನಗೆ ಬೇಕಾದ ದಾರಿ ಹಿಡಿದು ಗೇಟಿನಿಂದ ತುಳಸಿಕಟ್ಟೆಯವರೆಗೆ ಹೋಗಿದೆ. ನನ್ನ ಹೆಂಡತಿ ದಿನ ಬೆಳಿಗ್ಗೆ ರಂಗೋಲಿಯ ಚುಕ್ಕಿ ಇಡುವಾಗ ಆ ಗೆರೆಯನ್ನು ದಾಟಿಸಿ ಇಡುತ್ತಾಳೆ. ಬಾಯಿ ಬಿಟ್ಟು ಏನೂ ಹೇಳುವುದಿಲ್ಲ.

ಇನ್ನೊಂದು ವಿಷಯ. ಹೆಪ್ಪು ಇಳಿಯುವ ಆಳ ದಾಟಲೆಂದು ಮಿನಿಯಾಪೊಲಿಸ್ ಕಡೆ ಮನೆಯ ಪಾಯವನ್ನು 42 ಇಂಚು ಕೆಳಗೆ ಇಳಿಸುತ್ತಾರೆ, ಇಲ್ಲದಿದ್ದರೆ ಚಳಿಗಾಲದಲ್ಲಿ ನೆಲವೇ ಪಾಯವನ್ನು ಎತ್ತುತ್ತದೆ. ನಮ್ಮಲ್ಲಿ ಆ ಕೆಲಸವನ್ನು ಎರೆಮಣ್ಣು ಮಾಡುತ್ತದೆ. ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಾಯಿ ಬಿಡುತ್ತದೆ. ಎರೆ ಇರುವ ಕಡೆ ಮೇಲೆ ಎಂಥ ಕಾಂಕ್ರೀಟ್ ಸುರಿದರೂ ವ್ಯರ್ಥ. ಮೊದಲು ಅದನ್ನು ತೆಗೆದು ಗರಸು ತುಂಬಿ, ನೀರು ಹೊಡೆದು ದಮ್ಮಸು ಮಾಡಿಸಬೇಕು. ಮೇಷ್ಟ್ರು ದುಬಾರಿ ದ್ರಾವಣಕ್ಕೆಂದು ತೆಗೆದಿಟ್ಟ ಹಣವನ್ನು ನಾನು ಗರಸಿಗೆ ತಿರುಗಿಸಿದ್ದೇನೆ.

ಅವರಿಗೆ ಚಳಿ ಇದ್ದಂತೆ ನಮಗೆ ಬಿಸಿಲು. ಏಪ್ರಿಲ್‌ನಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ರೆಡಿಮಿಕ್ಸ್ ಲಾರಿ ತರಿಸಿ ಮೋಲ್ಡ್ ಹಾಕುವುದನ್ನು ಈಗಲೂ ನೋಡುತ್ತೇನೆ. ಒಣ ಗಾಳಿಗೆ ಮೇಲಿನ ನೀರು ಹಾರಿ, ಸಂಜೆಯೊಳಗೆ ಜೇಡರ ಬಲೆಯಂಥ ಬಿರುಕು ಬಿದ್ದಿರುತ್ತದೆ. ಮಿನ್ನೆಸೋಟದವರು ಹೊಸ ಹಾಸಿನ ಮೇಲೆ ಚಳಿ ತಾಗದಂತೆ ದಪ್ಪ ಕಂಬಳಿ ಹೊದಿಸಿದರು. ನಮಗೆ ಒದ್ದೆ ಗೋಣಿಚೀಲ ಸಾಕು, ಆದರೆ ಅದು ಒದ್ದೆಯಾಗಿಯೇ ಇರಬೇಕು. ಈಗ ಅಂಗಡಿಯಲ್ಲಿ ಸಿಗುವುದು ಬಹುಪಾಲು ಹಾರುಬೂದಿ ಬೆರೆಸಿದ ಪಿಪಿಸಿ ಸಿಮೆಂಟ್. ಬಿಸಿಲು, ಒಣ ಹವೆ ಇರುವ ಕಡೆ ಅಂಥ ಸಿಮೆಂಟಿಗೆ ಕನಿಷ್ಠ 14 ದಿನ ಕ್ಯೂರಿಂಗ್, ಅಂದರೆ ನೀರುಣಿಸಿ ಒದ್ದೆಯಾಗಿಡುವುದು, ಬೇಕೆಂದು ಅದೇ ಐಎಸ್ 456 ಹೇಳುತ್ತದೆ. ನಾವು ಮೂರನೆಯ ದಿನಕ್ಕೇ ಪೈಪು ಸುತ್ತಿಡುತ್ತೇವೆ. ಸುರಿಯುವ ಮೊದಲು ಬೇಡದ ನೀರು, ಸುರಿದ ಮೇಲೆ ಬೇಕಾದಾಗ ಇಲ್ಲ.

ಹೋದ ಏಪ್ರಿಲ್‌ನಲ್ಲಿ ಮಗಳು ಅಂಗಳದ ಫೋಟೊ ಕಳಿಸಿದಳು. ಹಿಮ ಕರಗಿದೆ, ಪೊರಕೆಯ ಗೆರೆಗಳು ಹಾಗೇ ಇವೆ. ಮೊದಲ ಚಳಿಗಾಲ ಉಪ್ಪು ಹಾಕಬೇಡಿ, ಮರಳು ಎರಚಿ ಎಂದು ಆ ಮೇಸ್ತ್ರಿ ಹೇಳಿ ಹೋಗಿದ್ದನಂತೆ.

ಲೇಖನದ ಆ ಬಿರುಕಿನ ಮಾತನ್ನು ತಾವು ತಿದ್ದಿ ಪ್ರಕಟಿಸಬೇಕೆಂದು ಕೋರುತ್ತೇನೆ. ಇದೇ ಬೇಸಿಗೆಯಲ್ಲಿ ಕೆಲಸ ಹಿಡಿದಿರುವವರು ಅದನ್ನು ನಂಬಿ ದುಡ್ಡು ಕೊಡುವ ಮೊದಲೇ ಆದರೆ ಒಳ್ಳೆಯದು. ಮೇಷ್ಟ್ರ ಮನೆಗೆ ಬರುವ ಗುರುವಾರ ಬೆಳಿಗ್ಗೆ ಐದಕ್ಕೆ ಲಾರಿ ಬರಲು ಹೇಳಿದ್ದೇವೆ. ಅವರ ಮನೆಯ ನೀರಿನ ಪೈಪನ್ನು ಬುಧವಾರ ರಾತ್ರಿಯೇ ಬಿಚ್ಚಿ ತಂದು ನಮ್ಮ ಮನೆಯಲ್ಲಿ ಇಟ್ಟುಕೊಳ್ಳುತ್ತೇನೆ. ಲಾರಿ ಖಾಲಿಯಾಗಿ ಹೋದ ಮೇಲೆ, ಕ್ಯೂರಿಂಗಿಗೆ ವಾಪಸು ಕೊಡುತ್ತೇನೆ.

ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಗಾರೆ ಮೇಸ್ತ್ರಿ
ನಿಟುವಳ್ಳಿ, ದಾವಣಗೆರೆ